ಬೀಗತಿಯ ಭಾಷೆ

ನಾನು ರಷ್ಯನ್ ಕಲಿಯಲು ಹೊರಟದ್ದು ಜ್ಞಾನದ ಹಸಿವಿನಿಂದಲ್ಲ, ಶುದ್ಧ ಹೊಟ್ಟೆಕಿಚ್ಚಿನಿಂದ. ನನ್ನ ಸೊಸೆ ರಷ್ಯಾದವಳು. ಅವಳ ತಾಯಿ, ಅಂದರೆ ನನ್ನ ಬೀಗತಿ, ಮೊಮ್ಮಗಳನ್ನು ನೋಡಿಕೊಳ್ಳಲೆಂದು ಬಂದು ವುಡ್‌ಬ್ರಿಡ್ಜ್‌ನ ಮಗನ ಮನೆಯಲ್ಲಿ ಝಾಂಡಾ ಊರಿದ್ದರು. ನಾಲ್ಕು ವರ್ಷದ ಮೊಮ್ಮಗಳು ಅವರ ತೊಡೆಯೇರಿ ರಷ್ಯನ್‌ನಲ್ಲಿ ಪಟಪಟ ಮಾತಾಡುವಳು. ನಾನಿರುವ ಬರ್ಲಿಂಗ್ಟನ್‌ನಿಂದ ವಾರವಾರ ಶೇಂಗಾ ಉಂಡಿ ಕಟ್ಟಿಕೊಂಡು ಹೋಗುವ ನನಗೆ ಮಾತ್ರ "ಹಾಯ್ ಅಜ್ಜಿ, ಥ್ಯಾಂಕ್ಯೂ ಅಜ್ಜಿ", ಅಷ್ಟೇ. ಅವರಿಬ್ಬರೂ ನಕ್ಕಾಗಲೆಲ್ಲ ನನ್ನ ವಿಷಯವೇ ಇರಬೇಕೆಂದು ಮೈ ಉರಿಯುತ್ತಿತ್ತು.

ಬರ್ಲಿಂಗ್ಟನ್ ಲೈಬ್ರರಿಯ ರಷ್ಯನ್ ಕ್ಲಾಸಿಗೆ ಸೇರಿದೆ. ಅಲ್ಲಿ ಉಳಿದವರೆಲ್ಲ ಪ್ರೀತಿಗಾಗಿ ಬಂದವರು, ಯಾರಿಗೋ ರಷ್ಯನ್ ಹೆಂಡತಿ, ಯಾರಿಗೋ ಗೆಳೆಯ. ಹಟ ಹಿಡಿದು ಮೊದಲ ಮಟ್ಟ ದಾಟಿ ಎರಡನೆಯದಕ್ಕೂ ಬಂದೆ. ಅಂಗಡಿಯಲ್ಲಿ ಬ್ರೆಡ್ ಕೇಳಬಲ್ಲೆ, ಡಾಕ್ಟರಿಗೆ ಮಂಡಿನೋವು ಹೇಳಬಲ್ಲೆ. ಆದರೆ ಮಗುವನ್ನು ಇನ್ನೊಬ್ಬರ ತೊಡೆಯಿಂದ ನನ್ನ ಕಡೆ ಎಳೆದುಕೊಳ್ಳುವ ಮಾತು ಯಾವ ಪಾಠದಲ್ಲೂ ಇರಲಿಲ್ಲ. ನಾನು ಬಾಯಿ ತೆರೆದರೆ ಬೀಗತಿ ಕಿವುಡರಿಗೆ ಹೇಳುವಂತೆ ನಿಧಾನವಾಗಿ, ಜೋರಾಗಿ ಉತ್ತರಿಸುವರು. ಮಗು ಕಿಸಕ್ಕನೆ ನಗುವಳು.

ಅಂತೂ ವೀಸಾ ಮುಗಿದು ಅವರು ಹೊರಡುವ ದಿನ ಬಂತು. ಒಳಗೊಳಗೇ ಕುಣಿಯುತ್ತ ಬೀಳ್ಕೊಡಲು ಹೋದೆ. ಬ್ಯಾಗುಗಳು ಬಾಗಿಲಲ್ಲಿದ್ದವು. ಇದ್ದಕ್ಕಿದ್ದಂತೆ ಬೀಗತಿ ಸೋಫಾ ಮೇಲೆ ಕೂತರು. ಮಗ, ಸೊಸೆ, ಮಗು ಎಲ್ಲರೂ ಕೂತರು. ಯಾರದೂ ಮಾತಿಲ್ಲ. ಹೊರಡುವಾಗ ಯಾರಾದರೂ ಸೀನಿದರೆ ಒಂದು ಗಳಿಗೆ ಕೂತು, ನೀರು ಕುಡಿದು ಹೊರಡುವುದು ನಮ್ಮ ಧಾರವಾಡದ ಮನೆಯ ಪದ್ಧತಿ.

"ಯಾರು ಸೀನಿದ್ರೋ? ತಡೀರಿ, ನೀರು ತರ್ತೇನಿ" ಎಂದು ಅಡುಗೆಮನೆಗೆ ಓಡಿದೆ.

ಲೋಟ ಹಿಡಿದು ಬಂದರೆ ಮಗ ಪಿಸುಗುಟ್ಟಿದ: "ಅವ್ವಾ, ಯಾರೂ ಸೀನಿಲ್ಲ. ದೂರ ಹೊಂಟಾಗ ರಷ್ಯಾದವರು ಹಿಂಗ ಸುಮ್ಮ ಕೂಡ್ತಾರ."

ಬೀಗತಿ ಬೇಡವೆಂದು ಕೈಯಾಡಿಸಿ ಎದ್ದರು. ಮಗುವನ್ನು ಅಪ್ಪಿ ಅತ್ತರು. ನಾನು ಲೋಟ ಹಿಡಿದು ಪೆಚ್ಚಾಗಿ ನಿಂತೆ. ಕಾರು ಹೊರಟ ಮೇಲೆ ಮಗು ಬಂದು, "ವಾಟ್ಸ್ ದ ವಾಟರ್ ಫಾರ್, ಅಜ್ಜಿ?" ಎಂದಳು.

"ಹೋದವರು ಸುಖವಾಗಿ ತಿರುಗಿ ಬರ್ಲಿ ಅಂತ, ಬಂಗಾರಾ. ಕುಡಿ" ಎಂದೆ. ಅವಳೇ ಗಟಗಟ ಕುಡಿದಳು.

ಮುಂದಿನ ಭಾನುವಾರ ನಾನು ಮಗನ ಮನೆಯಿಂದ ಹೊರಟು ನಿಂತೆ. ಟೇಬಲ್ ಮೇಲಿನ ಫೋನಿನ ವಿಡಿಯೋದಲ್ಲಿ ಬೀಗತಿ ತಮ್ಮ ಮಗಳೊಡನೆ ಮಾತಾಡುತ್ತಿದ್ದರು.

"ಅಜ್ಜಿ, ವೇಟ್! ಸಿಟ್!" ಎಂದು ಮೊಮ್ಮಗಳು ಓಡಿಹೋಗಿ, ನೆಲದ ತುಂಬ ಚೆಲ್ಲುತ್ತ ಒಂದು ಲೋಟ ನೀರು ತಂದಳು. "ಕುಡಿ" ಎಂದಳು, ಅಚ್ಚ ಕನ್ನಡದಲ್ಲಿ.

ಫೋನಿನಿಂದ ರಷ್ಯನ್‌ನಲ್ಲಿ ಬೀಗತಿಯ ಸಣ್ಣ ದನಿ ಕೇಳಿಸಿತು: "ನಾನು ಹೊರಟಾಗ ನನಗಂತೂ ಮೊಮ್ಮಗಳು ಏನೂ ತಂದುಕೊಡಲಿಲ್ಲ."

ಯಾರನ್ನೂ ಕೇಳದೆ, ಒಂದೊಂದು ಶಬ್ದವೂ ನನಗೆ ಅರ್ಥವಾಯಿತು. ಹೊಟ್ಟೆಕಿಚ್ಚಿನ ಆ ದನಿ ನನ್ನದೇ ದನಿ. ಪಾಪ ಅನಿಸಬೇಕಿತ್ತು. ಅನಿಸಲಿಲ್ಲ.

ಲೋಟ ಖಾಲಿ ಮಾಡಿ ಮಗುವಿನ ಕೈಗಿಟ್ಟು, "ಇನ್ನೊಂದು ಲೋಟ ನೀರು ಕೊಡು, ಬಂಗಾರಾ" ಎಂದೆ. ಫೋನಿಗೆ ಕೇಳಿಸುವಷ್ಟು ಜೋರಾಗಿ, ನಿಧಾನವಾಗಿ, ರಷ್ಯನ್‌ನಲ್ಲಿ.