ತೀರ್ಮಾನದ ಮಾವ ಆರಿಸಿದ ಡಬ್ಬಿ

ಕೆಲವರಿಗೆ ಹಾಡುವ ಗಂಟಲಿರುತ್ತದೆ, ಕೆಲವರಿಗೆ ಓಡುವ ಕಾಲಿರುತ್ತದೆ. ತೀರ್ಮಾನದ ಮಾವನಿಗೆ ಇದ್ದದ್ದು ಆರಿಸುವ ಚಟ. ಓಣಿಯಲ್ಲಿ ಯಾರ ಗೇಟು ಯಾವ ಕಡೆ ತೆರೆಯಬೇಕು, ಯಾರ ತಾರಸಿಯ ಟ್ಯಾಂಕು ಯಾವ ಬಣ್ಣದ್ದಿರಬೇಕು, ಯಾರ ಮಗಳು ಏನು ಓದಬೇಕು, ಎಲ್ಲದರಲ್ಲೂ ಮೂಗು ತೂರಿಸಿ, ಗಂಟಲು ಸರಿಮಾಡಿಕೊಂಡು, ಹೀಗೆ ಮಾಡಿ ಅನ್ನಬೇಕು. ಅನ್ನುವ ತನಕ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇತ್ತು ಅನ್ನಿ, ಆದರೆ ಅದನ್ನು ಕೇಳಿದರೆ ಅಂಚೆಯವನೂ ತಲೆ ಕೆರೆದುಕೊಳ್ಳುತ್ತಿದ್ದ.

ಈ ಚಟ ಅಂಟಿದ್ದು ಕಚೇರಿಯಲ್ಲಿ. ನೀರು ಸರಬರಾಜು ಇಲಾಖೆಯ ಖರೀದಿ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಅಲ್ಲಿ ಎರಡು ಸೂತ್ರ ಕಲಿತಿದ್ದರು. ಒಂದು, ವಸ್ತುವನ್ನು ಬಳಸುವವರನ್ನು ಯಾವತ್ತೂ ಕೇಳಬಾರದು. ಕೇಳಿದರೆ ತಲೆಗೊಂದು ಮಾತಾಡುತ್ತಾರೆ, ಖರೀದಿ ಮುಗಿಯುವುದಿಲ್ಲ. ಇನ್ನೊಂದು, ಏನು ತಂದರೂ ಸ್ವಲ್ಪ ಮಿಗಬೇಕು. ಸಾಲದೆ ಬಂದರೆ ಕೆಟ್ಟ ಹೆಸರು, ಮಿಕ್ಕರೆ ಮುಂದಾಲೋಚನೆ. ಅವರು ನಿವೃತ್ತರಾದಾಗ ಉಗ್ರಾಣದ ಒಂದು ಕೋಣೆಯಲ್ಲಿ ಕಿಟಕಿಯ ಮಟ್ಟಕ್ಕೆ ಬೀಗಗಳೇ ಮಿಕ್ಕಿದ್ದವಂತೆ. ಕೀಲಿಗಳು ಸಿಕ್ಕಲಿಲ್ಲ, ಅದು ಬೇರೆ ಮಾತು.

ಅವರ ಹೆಂಡತಿಯನ್ನು ಓಣಿಯವರೆಲ್ಲ ಅತ್ತೆ ಅನ್ನುತ್ತಿದ್ದರು. ಐವತ್ತು ದಾಟಿದ ಮೇಲೆ ಅತ್ತೆಗೆ ಮೈಯೊಳಗೆ ಯಾರೋ ಒಲೆ ಹಚ್ಚಿದ ಹಾಗೆ ಸೆಖೆ ಹತ್ತಿಕೊಂಡಿತು. ನಿಂತಲ್ಲೇ ಬೆವರು, ಮಲಗಿದರೆ ನಿದ್ದೆಯಿಲ್ಲ. ಡಾಕ್ಟರಮ್ಮ ನೋಡಿ, ಇದು ವಯಸ್ಸಿನದ್ದು, ಮನೆ ತಂಪಾಗಿಟ್ಟುಕೊಂಡು ಚೆನ್ನಾಗಿ ನಿದ್ದೆ ಮಾಡಿ, ತಂಪಿನಲ್ಲೂ ಹೀಗೇ ಆದರೆ ಮಾತ್ರ ಬನ್ನಿ, ಬೇರೇನಾದರೂ ಇದೆಯಾ ನೋಡೋಣ ಅಂದಿದ್ದರು. ಆ 'ಬೇರೇನಾದರೂ' ಅನ್ನುವುದು ಅತ್ತೆಯ ಎದೆಯಲ್ಲಿ ಕೂತುಬಿಟ್ಟಿತು. ಅವರ ಅಮ್ಮ ಹೀಗೆಯೇ ಬೆವರಿ ಬೆವರಿ, ಏನು ಕಾಯಿಲೆ ಅಂತ ತಿಳಿಯುವ ಮೊದಲೇ ತೀರಿಕೊಂಡಿದ್ದರು.

ಹಾಗಾಗಿ ಮನೆಗೆ ಎ.ಸಿ. ಬಂತು, ಅದೂ ಎರಡು ಹಂತದ್ದು. ಸಾಧಾರಣ ಸೆಖೆಗೆ ನಿಧಾನವಾಗಿ, ಸದ್ದಿಲ್ಲದೆ ಓಡುತ್ತದೆ. ಬಿಸಿಲು ನೆತ್ತಿಗೇರಿದಾಗ ಎರಡನೇ ಹಂತಕ್ಕೆ ಏರಿ ಪೂರ್ತಿ ಬಲ ಹಾಕುತ್ತದೆ. ಯಾವಾಗ ಯಾವ ಹಂತ ಅಂತ ಹೇಳುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್ ಡಬ್ಬಿ. ಯಂತ್ರವನ್ನು ಕಂಪನಿಯವರೇ ಗೊತ್ತು ಮಾಡಿದ್ದರಿಂದ ಮಾವನಿಗೆ ಕೈ ಕಟ್ಟಿಹಾಕಿದಂತಾಗಿತ್ತು. ಡಬ್ಬಿಯ ಆಯ್ಕೆ ಮನೆಯವರದ್ದು ಅಂತ ತಿಳಿದ ಕೂಡಲೇ ಮುಖ ಅರಳಿತು.

ಅಲ್ಲಿಂದ ಶುರುವಾಯಿತು ನೋಡಿ ದರ್ಬಾರು. ಊಟದ ಮೇಜಿನ ತುಂಬ ಬಣ್ಣಬಣ್ಣದ ಕ್ಯಾಟಲಾಗು. ಬ್ಯಾಂಕಿನ ಮ್ಯಾನೇಜರನ್ನು ಕೇಳಿದರು, ಕಣ್ಣಿನ ಡಾಕ್ಟರನ್ನು ಕೇಳಿದರು, ಬೆಳಿಗ್ಗೆ ವಾಕಿಂಗ್‌ನಲ್ಲಿ ಸಿಗುವ ನಿವೃತ್ತ ಜಡ್ಜ್ ಸಾಹೇಬರನ್ನು ಮೂರು ಸುತ್ತು ಹಿಂಬಾಲಿಸಿಕೊಂಡು ಹೋಗಿ ಕೇಳಿದರು. ಜಡ್ಜ್ ಸಾಹೇಬರು ತಮ್ಮ ಮನೆಯಲ್ಲಿ ಫ್ಯಾನು ಮಾತ್ರ ಇದೆ ಅಂದದ್ದನ್ನೂ ಪರಿಗಣನೆಗೆ ತೆಗೆದುಕೊಂಡರು. ಅತ್ತೆ ಒಂದು ದಿನ ತಟ್ಟೆ ಎತ್ತುತ್ತಾ, ಮಲಗಿದಲ್ಲಿಂದ ಕೈಗೆ ಎಟುಕುವ ಹಾಗೆ ಸುಮ್ಮನೆ ಒಂದು ತಿರುಗಿಸೋ ಗುಂಡಿ ಇದ್ದರೆ ಸಾಕು ಅಂದರು. ಮಾವ ಪ್ರೀತಿಯಿಂದಲೇ ನಕ್ಕರು. ಇದು ತಾಂತ್ರಿಕ ವಿಷಯ ಕಣೇ ಅಂದು ಕ್ಯಾಟಲಾಗಿನ ಹಾಳೆ ತಿರುವಿದರು.

ಕೊನೆಗೆ ಆರಿಸಿದ್ದು ಕಪ್ಪು ಗಾಜಿನ ಮುಖದ ಡಬ್ಬಿ. ಮುಟ್ಟಿದರೆ ನೀಲಿ ಬೆಳಕು, ಎದುರು ನಿಂತರೆ ನಮಸ್ಕಾರ, ಸಾಲದ್ದಕ್ಕೆ ಯಾವಯಾವುದೋ ದೇಶದ ಹವಾಮಾನ. ಅದು ಒಂದೇ ಹಂತದ ಯಂತ್ರಕ್ಕೆ ಮಾಡಿದ ಡಬ್ಬಿ ಅನ್ನುವುದನ್ನು ಅಂಗಡಿಯವನು ಹೇಳಲಿಲ್ಲ, ಮಾವ ಕೇಳಲಿಲ್ಲ. ಅಂಗಡಿಯವನಿಗೆ ಅದು ಖಾಲಿಯಾದರೆ ಸಾಕಾಗಿತ್ತು; ಎಲ್ಲದಕ್ಕೂ ಹೊಂದುತ್ತೆ ಸಾರ್ ಅಂದು ಪ್ಯಾಕ್ ಮಾಡಿಬಿಟ್ಟ.

ಕೂರಿಸಲು ಬಂದ ಮೆಕ್ಯಾನಿಕ್ ಗೋಡೆಯಿಂದ ಬಂದ ವೈರುಗಳನ್ನು ಒಂದೊಂದಾಗಿ ಡಬ್ಬಿಗೆ ಸಿಕ್ಕಿಸುತ್ತಾ ಹೋದ. ಕೊನೆಗೊಂದು ವೈರಿಗೆ ಜಾಗವೇ ಇಲ್ಲ. ಸಾರ್, ಒಂದು ವೈರು ಮಿಗುತ್ತೆ ಅಂದ. ಮಿಗುವುದು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮಾವನ ಎದೆ ಉಬ್ಬಿತು. "ಮಿಗಲಿ ಬಿಡಪ್ಪ, ಒಳ್ಳೇದೇ ಆಯ್ತು. ಮುಂದಕ್ಕೆ ಬೇಕಾಗುತ್ತೆ," ಅಂದರು. ಮೆಕ್ಯಾನಿಕ್‌ಗೆ ಇನ್ನೂ ಎರಡು ಮನೆ ಬಾಕಿಯಿದ್ದವು. ವೈರಿನ ತುದಿಗೆ ಟೇಪು ಸುತ್ತಿ ಗೋಡೆಯೊಳಗೆ ತುರುಕಿ ಎದ್ದು ಹೋದ. ಯಂತ್ರವನ್ನು ಎರಡನೇ ಹಂತಕ್ಕೆ ಏರಿಸುವ ವೈರು ಅದೇ ಆಗಿತ್ತು.

ಡಬ್ಬಿಯನ್ನು ಹಾಕಿಸಿದ್ದಾದರೂ ಎಲ್ಲಿ? ಮಲಗುವ ಕೋಣೆಯಲ್ಲಲ್ಲ. ಬಾಗಿಲು ತೆರೆದವರಿಗೆ ಮೊದಲು ಕಾಣುವ ಹಾಗೆ ನಡುಮನೆಯ ಗೋಡೆಗೆ. ಮೇಲೆ ಒಂದು ಗುಪ್ತ ಸಂಖ್ಯೆಯ ಬೀಗ, ಮಾವನಿಗೆ ಮಾತ್ರ ಗೊತ್ತು. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಬಾಯಿಗೆ ಬೆರಳಿಟ್ಟು, "ಕೇಳಿಸ್ತಾ? ಏನೂ ಕೇಳಿಸಲ್ಲ. ಅದೇ ಇದರ ಗುಟ್ಟು," ಅನ್ನುತ್ತಿದ್ದರು. ಬಂದವರು ಕತ್ತಿನ ಬೆವರು ಒರೆಸಿಕೊಳ್ಳುತ್ತಾ ಹೌದು ಹೌದು, ಏನು ತಂಪು, ಏನು ನೆಮ್ಮದಿ ಅನ್ನುತ್ತಿದ್ದರು. ಹೊರಗೆ ಹೋಗಿ ಮರದ ನೆರಳಿನಲ್ಲಿ ನಿಂತು ಉಸಿರು ಬಿಡುತ್ತಿದ್ದರು. ಆದರೂ ಓಣಿಯಲ್ಲಿ ಎರಡು ಹಂತದ ಯಂತ್ರ ತಂದ ಇನ್ನೂ ಮೂರು ಮನೆಯವರು ಇದೇ ಡಬ್ಬಿ ಹಾಕಿಸಿದರು, ಮಾವನೇ ಖುದ್ದು ನಿಂತು ಹಾಕಿಸಿದರು, ಮೂರೂ ಮನೆಯಲ್ಲಿ ಒಂದೊಂದು ವೈರು ಮಿಕ್ಕಿತು.

ಬಿಸಿಲು ಏರುತ್ತಾ ಹೋದಂತೆ ಅತ್ತೆಗೆ ಮಧ್ಯಾಹ್ನಗಳು ನರಕವಾದವು. ಸೆಖೆ ಅಂದರೆ ಮಾವ ಡಬ್ಬಿಯ ಹತ್ತಿರ ಕರೆದುಕೊಂಡು ಹೋಗಿ ಅಂಕಿ ತೋರಿಸುತ್ತಿದ್ದರು. ಇಪ್ಪತ್ನಾಲ್ಕಕ್ಕೆ ಇಟ್ಟಿದೀನಿ, ಇನ್ನೇನು ಬೇಕು? ಇಟ್ಟದ್ದು ಇಪ್ಪತ್ನಾಲ್ಕು ಅನ್ನುವುದು ನಿಜ. ಪಕ್ಕದಲ್ಲಿ ಸಣ್ಣಗೆ ಮೂವತ್ತು ಅಂತ ಕಾಣುತ್ತಿದ್ದದ್ದು ಮನೆಯ ನಿಜವಾದ ಬಿಸಿ. ಅದು ಹೊರಗಿನದ್ದು ಅಂತ ಮಾವ ತೀರ್ಮಾನಿಸಿದ್ದರು. ಹಾಗಾಗಿ ಮನೆ ತಂಪಾಗಿದೆ, ನಿನ್ನ ಮೈಯಲ್ಲೇ ಏನೋ ಇದೆ ಅಂದರು. ಅವರ ಪಾಲಿಗೆ ಅದೂ ಇನ್ನೊಂದು ತೀರ್ಮಾನ, ಅಷ್ಟೆ. ಅತ್ತೆ ಮಾತ್ರ ಆವತ್ತು ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ತಂಪಿನಲ್ಲೂ ಹೀಗೇ ಆದರೆ ಬನ್ನಿ ಅಂದಿದ್ದರಲ್ಲ ಡಾಕ್ಟರಮ್ಮ. ಹೋಗಲು ಧೈರ್ಯ ಬರಲಿಲ್ಲ. ಬಟ್ಟೆ ಕಟ್ಟಿಕೊಂಡು ತಂಗಿಯ ಮನೆಗೆ ಹೋದರು.

ತಂಗಿಗೆ ಕೈಲಾಗುತ್ತಿಲ್ಲ, ಸಹಾಯಕ್ಕೆ ಹೋಗಿದ್ದಾಳೆ ಅಂತ ಮಾವ ಊರಿಗೆಲ್ಲ ಹೇಳಿಕೊಂಡು ಬಂದರು. ತಾವೇ ಕಾಫಿ ಮಾಡಿಕೊಂಡು, ಉಕ್ಕಿಸಿಕೊಂಡು, ಒರೆಸಿಕೊಂಡು, ನಮಸ್ಕಾರ ಹೇಳುವ ಡಬ್ಬಿಯ ಎದುರು ಕೂತರು. ಸೆಖೆ ಆಗುತ್ತಿದೆ ಅನ್ನಿಸಿತು. ಒಬ್ಬನೇ ಇದ್ದೇನಲ್ಲ, ಅದಕ್ಕೇ ಇರಬೇಕು ಅಂದುಕೊಂಡರು.

ಅಷ್ಟರಲ್ಲಿ ಫಿಲ್ಟರ್ ತೊಳೆಯಲು ಅದೇ ಮೆಕ್ಯಾನಿಕ್ ಬಂದ. ಮಾತಿಗೆ ಇರಲಿ ಅಂತ, ಆವತ್ತು ಮಿಕ್ಕ ವೈರು ಯಾವಾಗ ಉಪಯೋಗಕ್ಕೆ ಬರುತ್ತದೆ ಅಂತ ಮಾವ ಕೇಳಿದರು. ಅದಾ, ಯಂತ್ರ ಫುಲ್ ಓಡೋಕೆ ಸಾರ್ ಅಂದ. ಅದಿಲ್ಲದೆ? ಅದಿಲ್ಲದೆ ಮೊದಲನೇ ಹಂತದಲ್ಲೇ ಇರುತ್ತೆ, ಈ ಬಿಸಿಲಿಗೆ ಎಲ್ಲಿ ಸಾಲುತ್ತೆ. ಮಾವ ಕುರ್ಚಿಯಿಂದ ಎದ್ದುನಿಂತರು. "ಯಾಕಯ್ಯಾ ಆವತ್ತೇ ಹೇಳಲಿಲ್ಲ?" ಅಂದರು.

"ಹೇಳಿದ್ನಲ್ಲ ಸಾರ್, ಒಂದು ವೈರು ಮಿಗುತ್ತೆ ಅಂತ. ನೀವು ಖುಷಿಪಟ್ರಿ."

ಮಾವ ಏನು ಮಾಡಿದರು ಅಂತೀರಿ? ಮರುದಿನವೇ ಎರಡು ಹಂತಕ್ಕೆ ಹೊಂದುವ ಸರಿಯಾದ ಡಬ್ಬಿ ತರಿಸಿ ಮಲಗುವ ಕೋಣೆಯಲ್ಲಿ ಹಾಕಿಸಿದರು. ಯಾರಿಗೂ ತಿಳಿಯಬಾರದು ಅಂತ ಕಿಟಕಿ ಮುಚ್ಚಿಸಿ ಹಾಕಿಸಿದರು. ಗಾಜಿನದ್ದನ್ನು ಕಿತ್ತುಹಾಕಲು ಮನಸ್ಸು ಬರಲಿಲ್ಲ. ಯಂತ್ರಕ್ಕೂ ಅದಕ್ಕೂ ಇದ್ದ ಸಂಬಂಧ ಕಡಿಸಿ, ಬಂದವರಿಗೆ ನಮಸ್ಕಾರ ಹೇಳಿಕೊಂಡಿರಲಿ ಅಂತ ನಡುಮನೆಯಲ್ಲೇ ಉರಿಯಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಮನೆ ಬಾವಿಯ ಒಳಗಿನ ಹಾಗೆ ತಣ್ಣಗಾಯಿತು. ಅತ್ತೆಯನ್ನು ಕರೆತರಲು ಹೊರಟರು. ದಾರಿಯುದ್ದಕ್ಕೂ ಒಂದು ಮಾತು ಕಟ್ಟಿಕೊಂಡರು: ಕಂಪನಿಯವರು ಇನ್ನೂ ಒಳ್ಳೆಯದನ್ನು ಕಳಿಸಿದ್ದಾರೆ.

ನಾದಿನಿಯ ಮನೆಯಲ್ಲಿದ್ದದ್ದು ಕಿಟಕಿಗೆ ಸಿಕ್ಕಿಸಿದ ಹಳೇ ಎ.ಸಿ. ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು. ಕೋಣೆ ಮಾತ್ರ ತಣ್ಣಗಿತ್ತು. ಅತ್ತೆ ನಿದ್ದೆಯಿಂದ ಆಗತಾನೇ ಎದ್ದು ಮಂಚದ ಮೇಲೆ ಕೂತಿದ್ದರು, ಮುಖದಲ್ಲಿ ಕಳೆ ಬಂದಿತ್ತು. ಆದರೂ ಗಂಡನನ್ನು ನೋಡಿದ್ದೇ, ನಾಳೆ ಡಾಕ್ಟರಮ್ಮನ ಹತ್ತಿರ ಹೋಗಲೇಬೇಕು ಅಂತಿದ್ದೇನೆ, ಏನೇ ಇದ್ದರೂ ತಿಳಿದುಬಿಡಲಿ ಅಂದರು. ಮಾವ ಕಟ್ಟಿಕೊಂಡು ಬಂದ ಮಾತು ಬಿಟ್ಟು, ಈ ಎ.ಸಿ. ಬಹಳ ಸದ್ದು ಮಾಡುತ್ತೆ ಅಂದರು.

ಅಷ್ಟರಲ್ಲಿ ನಾದಿನಿಯ ಗಂಡ ಕ್ಯಾಟಲಾಗು ಹಿಡಿದುಕೊಂಡು ಬಂದ. ಈ ಗಿರಣಿ ತೆಗೆದು ಅವರೂ ಎರಡು ಹಂತದ್ದು ಹಾಕಿಸುವವರಿದ್ದರು. "ಭಾವ, ನಿಮ್ಮನೆ ಗಾಜಿನ ಡಬ್ಬೀನೇ ಹೇಳಿಬಿಡ್ಲಾ? ನೀವು ಹೂಂ ಅಂದ್ರೆ ಇವತ್ತೇ ಹೇಳ್ತೀನಿ," ಅಂದ.

ಇಡೀ ಜನ್ಮದಲ್ಲಿ ಇಂಥ ಪ್ರಶ್ನೆಗೆ ಮಾವ ಉತ್ತರ ಹುಡುಕಿದವರಲ್ಲ. ಈಗ ಹೂಂ ಅಂದರೆ ಹೆಂಡತಿ ನಿದ್ದೆ ಮಾಡುತ್ತಿರುವ ಒಂದೇ ಜಾಗವೂ ಕಾದ ಹಂಚಾಗುತ್ತದೆ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾನೆ. ಮಾವ ನೆಲ ನೋಡಿದರು, ಗೋಡೆ ನೋಡಿದರು. ಗಂಡ ತಡವರಿಸುವುದನ್ನು ಅತ್ತೆ ಎಂದೂ ಕಂಡವರಲ್ಲ. ನೋಡಲಾರದೆ ತಾವೇ ಮುಂದಾದರು.

"ಡಬ್ಬಿ ಚೆನ್ನಾಗೇ ಇದೆ. ನನ್ನ ಮೈಯೇ ಸರಿಯಿಲ್ಲ," ಅಂದರು.

ಅಷ್ಟು ಸಲೀಸಾಗಿ ಅಂದುಬಿಟ್ಟರು. ಆ ಹೆಂಗಸು ಸಾವಿನ ಭಯ ಸೆರಗಲ್ಲಿ ಕಟ್ಟಿಕೊಂಡು ತಿಂಗಳುಗಟ್ಟಲೆ ಓಡಾಡಿ, ಇವತ್ತೂ ಗಂಡನ ಮರ್ಯಾದೆಗೆ ತನ್ನ ಮೈಯನ್ನೇ ಅಡ್ಡ ಇಟ್ಟಿತ್ತು. ಮಾವ ಷಡ್ಡಕನ ಕೈಯಿಂದ ಕ್ಯಾಟಲಾಗು ಕಿತ್ತುಕೊಂಡರು.

"ಬೇಡ. ಅದು ಆ ಮೆಷಿನ್ನಿಗೆ ಆಗೋದಲ್ಲ. ನಾನೇ ತಪ್ಪು ಆರಿಸಿದ್ದು. ಮನೆ ಒಂದು ದಿನವೂ ತಂಪಾಗಿರಲಿಲ್ಲ. ಇವಳಿಗೆ ಏನೂ ಆಗಿಲ್ಲ."

ಅತ್ತೆ ಗಂಡನನ್ನೇ ನೋಡುತ್ತಾ ಕೂತರು. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡರು, ಮತ್ತೆ ತುಂಬಿತು. ಮಾವ ಕ್ಯಾಟಲಾಗನ್ನು ಸುರುಳಿ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದರು. ಮನೆ ಈಗ ತಣ್ಣಗಿದೆ, ಹೊರಡು ಅನ್ನಬೇಕು ಅಂತ ಅವರ ಲೆಕ್ಕ. ಅತ್ತೆ ಏಳಲಿಲ್ಲ. ಅಡುಗೆಮನೆಯ ಕಡೆ ತಿರುಗಿ ತಂಗಿಯನ್ನು ಕೂಗಿದರು.

"ಬಾರೇ ಇಲ್ಲಿ. ನಿಮ್ಮ ಭಾವ ಏನೋ ಹೇಳ್ತಿದಾರೆ." ಆಮೇಲೆ ಗಂಡನ ಕಡೆ ನೋಡಿ, "ಹೇಳಿ ರೀ, ಇನ್ನೊಂದ್ಸಲ," ಅಂದರು.

ತಂಗಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಎ.ಸಿ. ಗಿರಣಿಯ ಹಾಗೆ ಅರಚುತ್ತಲೇ ಇತ್ತು. ಅವಳಿಗೆ ಕೇಳಿಸಲಿ ಅಂತ ಮಾವ ಕೂಗಿಯೇ ಹೇಳಬೇಕಾಯಿತು.