ಪುರುಸೊತ್ತಿನ ಚೀಟಿ

೧೯೮೪ರಲ್ಲಿ ನಾನು ರಾಜಾಜಿನಗರದ ಒಂದು ಖಾಸಗಿ ನಿಘಂಟು ಕಚೇರಿಯಲ್ಲಿ ಹಂಗಾಮಿ ಸಹಾಯಕನಾಗಿದ್ದೆ. ಕಚೇರಿ ಎಂದರೆ ಹೋಟೆಲೊಂದರ ಮೇಲಿನ ಎರಡು ಕೋಣೆ, ಗೋಡೆಯುದ್ದಕ್ಕೂ ಮರದ ಖಾನೆಗಳು, ಅವುಗಳ ತುಂಬ ಚೀಟಿ. ಜನ ಆಡಿದ ಮಾತನ್ನು ಒಂದೊಂದು ಚೀಟಿಯಲ್ಲಿ ಬರೆದುಕೊಂಡು, ಎಲ್ಲ ಜೋಡಿಸಿ ಪದದ ಅರ್ಥ ಬರೆಯುವುದು ನಮ್ಮ ಕೆಲಸ. ಹಂಗಾಮಿಗಳು ಇಬ್ಬರಿದ್ದೆವು, ಕಾಯಂ ಹುದ್ದೆ ಒಂದೇ ಇತ್ತು. ಇನ್ನೊಬ್ಬರು ವನಜಾಕ್ಷಮ್ಮ.

ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾನು ಮೊದಲ ದರ್ಜೆಯ ಎಂ.ಎ., ಅವರದು ಸಂಜೆ ಕಾಲೇಜಿನ ಬಿ.ಎ. ನಾನು ಬಸವೇಶ್ವರನಗರದ ರೂಮಿನಲ್ಲಿ ಒಂಟಿ, ರಜೆಯ ದಿನವೂ ಪುಸ್ತಕ ಬಿಟ್ಟವನಲ್ಲ. ಅವರು ಮಾರೇನಹಳ್ಳಿಯಲ್ಲಿ ಬೀದಿ ನಲ್ಲಿಯ ನೀರು, ಅಡುಗೆ, ಅತ್ತೆ, ಮಕ್ಕಳು ಎಲ್ಲ ಮುಗಿಸಿ, ಬಸ್ಸು ಹಿಡಿದು ಏದುಸಿರು ಬಿಡುತ್ತ ಬರುವರು. ಆದರೂ ಸಂಪಾದಕರು ಎರಡೆರಡು ಸಲ ಓದುತ್ತಿದ್ದುದು ಅವರ ಚೀಟಿಗಳನ್ನೇ. ಆಗೆಲ್ಲ ನನಗೆ ಮೈ ಉರಿದುಹೋಗುತ್ತಿತ್ತು.

ಒಂದು ದಿನ ಸಂಪಾದಕರು ಇಬ್ಬರಿಗೂ ಒಂದೇ ಪದ ಕೊಟ್ಟರು: ಪುರುಸೊತ್ತು. ಚೆನ್ನಾಗಿ ಬರೆದವರಿಗೆ ಹುದ್ದೆ ಎಂದು ಹೇಳಿಯೇ ಕೊಟ್ಟರು. ಅದೇ ಅರ್ಥದ ಬಿಡುವು ಎನ್ನುವುದು 'ಬಿಡು' ಎಂಬುದರಿಂದ ಬಂದದ್ದು, ಅದರಲ್ಲಿ ತೊಡಕಿಲ್ಲ. ಪುರುಸೊತ್ತು ಉರ್ದುವಿನ 'ಫುರ್ಸತ್' ಎಂಬುದೂ ಗೊತ್ತಿತ್ತು. ಅದರಾಚೆ ತಿಳಿಯಬೇಕಾದರೆ, ಗುರುವಾರಗಳಂದು ಬರುತ್ತಿದ್ದ ನಿವೃತ್ತ ಉರ್ದು ಮೇಷ್ಟ್ರು ಖಾನ್ ಸಾಹೇಬರೇ ಗತಿ. ವನಜಾಕ್ಷಮ್ಮ ಆಗಲೇ ಅವರನ್ನು ಕೇಳಿಟ್ಟಿದ್ದರು. ನನಗೆ ಅದು ಹೊಳೆದೇ ಇರಲಿಲ್ಲ.

ಮುಂದಿನ ಗುರುವಾರ ಮಗುವಿಗೆ ಜ್ವರವೆಂದು ಅವರು ರಜೆ ಹಾಕಿದ್ದರು. ಖಾನ್ ಸಾಹೇಬರು ಉತ್ತರ ಬರೆದ ಚೀಟಿಯನ್ನು ನನ್ನ ಕೈಗಿತ್ತು, ಅವರಿಗೆ ತಲುಪಿಸಿ ಎಂದು ಹೊರಟರು. ನಾನು ಓದಿದೆ. ಅರಬ್ಬಿಯಲ್ಲಿ ಆ ಪದಕ್ಕೆ ಮೊದಲು, ನೀರಿಗೆ ಬಂದವರಲ್ಲಿ ಒಬ್ಬೊಬ್ಬರ ಪಾಲಿಗೆ ಬರುವ ಸರದಿ ಎಂಬ ಅರ್ಥವಿತ್ತಂತೆ. ಅದರಿಂದ ಅವಕಾಶ, ಆಮೇಲೆ ಬಿಡುವು. ದಿನಾ ನಲ್ಲಿ ಮುಂದೆ ಬಿಂದಿಗೆ ಇಟ್ಟು ಕಾಯುವ ಹೆಂಗಸಿಗೆ ಇದು ಸಿಕ್ಕರೆ ನನ್ನ ಕಥೆ ಮುಗಿದಂತೆಯೇ. ಚೀಟಿಯನ್ನು ಜೇಬಿಗೆ ಹಾಕಿಕೊಂಡೆ.

ನೀರಿನ ಸರದಿಯ ಆ ಅರ್ಥ ಸೇರಿಸಿದ್ದ ನನ್ನ ಬರಹವನ್ನು ಸಂಪಾದಕರು ಇಬ್ಬರ ಎದುರೂ ಗಟ್ಟಿಯಾಗಿ ಓದಿದರು, ಹುದ್ದೆ ನನಗೇ ಎಂದರು. ವನಜಾಕ್ಷಮ್ಮ 'ಮೂಲ ವಿಚಾರಿಸಿದೆ, ಉತ್ತರ ಬಂದಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಜೊತೆಗೆ, ಪುರುಸೊತ್ತು ಇದೆ ಎನ್ನುವವರು ಅಪರೂಪ, ಇಲ್ಲ ಎನ್ನುವವರೇ ಎಲ್ಲರೂ ಎಂದೂ ಗುರುತಿಸಿದ್ದರು. ನನ್ನ ಮೇಜಿನ ಬಳಿ ಬಂದು, "ನಾನು ದಿನಾ ಆ ಸಾಲಲ್ಲೇ ನಿಂತಿರ್ತೀನಿ ಸಾರ್. ಅದೇ ಪುರುಸೊತ್ತಂತೆ, ನಗು ಬರುತ್ತೆ," ಎಂದರು. ಗೆದ್ದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಕದ್ದು ತಂದ ಅರ್ಥ ನನ್ನ ಹಾಳೆಯಲ್ಲಿ ಒಣಗಿ ಕೂತಿತ್ತು, ಅವರ ಬಾಯಲ್ಲಿ ಜೀವ ಪಡೆದಿತ್ತು.

ಅದೇ ವಾರ ಖಾನ್ ಸಾಹೇಬರು ಬಂದರು. ಸಂಪಾದಕರ ಎದುರಿಗೇ, "ಏನಮ್ಮಾ, ಇವರ ಕೈಲಿ ಚೀಟಿ ಕೊಟ್ಟು ಕಳಿಸಿದ್ದೆ, ಸಿಕ್ತಾ?" ಎಂದು ಕೇಳಿದರು. ವನಜಾಕ್ಷಮ್ಮ ನನ್ನತ್ತ ನೋಡಿದರು. ಅವರಿಗೆ ಎಲ್ಲವೂ ಅರ್ಥವಾದದ್ದು ನನಗೆ ಕಾಣಿಸಿತು.

"ಸಿಕ್ತು ಸಾರ್. ನೋಡೋಕೆ ಪುರುಸೊತ್ತಾಗಲಿಲ್ಲ," ಎಂದರು.

ಅವರು ನನ್ನನ್ನು ಬಯ್ದಿದ್ದರೆ ಏನಾದರೂ ಸಬೂಬು ಹೇಳುತ್ತಿದ್ದೆ. ಇಡೀ ಮಧ್ಯಾಹ್ನ ಕೆಲಸ ಸಾಗಲಿಲ್ಲ. ಕೊನೆಗೆ ಒಂದು ಖಾಲಿ ಚೀಟಿ ತೆಗೆದು ಅವರ ಮಾತನ್ನು ಇದ್ದಂತೆಯೇ ಬರೆದೆ. ಮಾತಿನ ಕೆಳಗೆ ಆಡಿದವರ ಹೆಸರು, ಸ್ಥಳ, ಆಡಿದ ಸಂದರ್ಭ ಬರೆಯಲೇಬೇಕೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹೆಸರು, ಸ್ಥಳ ಸಲೀಸಾಗಿ ಬರೆದೆ. ಸಂದರ್ಭದ ಮುಂದೆ ಪೆನ್ನು ನಿಂತಿತು. ಆಮೇಲೆ ಬರೆದೆ: 'ಚೀಟಿ ಬಚ್ಚಿಟ್ಟ ಸಹೋದ್ಯೋಗಿಯ ಮಾನ ಉಳಿಸಲು ಹೇಳಿದ್ದು.' ಅದನ್ನು ಸಂಪಾದಕರ ಮೇಜಿನ ಮೇಲಿಟ್ಟು ಬಂದೆ.

ಹುದ್ದೆ ವನಜಾಕ್ಷಮ್ಮನವರಿಗೆ ಹೋಯಿತು, ಹೋಗಬೇಕಾದದ್ದೇ. ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಅದನ್ನು ಯಾರು, ಯಾರಿಗಾಗಿ ಆಡಿದರು ಎನ್ನುವುದು ದೊಡ್ಡದು ಎಂದು ಆ ಕೆಲಸ ನನಗೆ ಕಲಿಸಿತು. ಹೊಟ್ಟೆಕಿಚ್ಚು ಪೂರ್ತಿ ಆರಿತೆಂದರೆ ಸುಳ್ಳಾದೀತು. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತು.