ಚಿರತೆ ಕೊಡಿಸಿದ ಇಂಗ್ಲಿಷ್

ನೀವು ಇದನ್ನು ನಂಬುವುದಿಲ್ಲ. ಪರವಾಗಿಲ್ಲ. ನನ್ನ ಮಾತು ನಂಬದವರ ಸಾಲಿನಲ್ಲಿ ನಮ್ಮ ಮನೆಯವರೇ ಮುಂದೆ ನಿಂತಿದ್ದಾರೆ, ನಿಮಗೂ ಹಿಂದೆ ಎಲ್ಲಾದರೂ ಜಾಗ ಸಿಗುತ್ತದೆ. ಆದರೂ ಹೇಳಿಬಿಡುತ್ತೇನೆ. ಪುಣೆಯ ಖಡಕಿಯ ನಮ್ಮ ಶಾಲೆಯಲ್ಲಿ ನನಗೆ ಇಂಗ್ಲಿಷ್ ಬರುತ್ತದೆ ಎಂದು ತೀರ್ಮಾನವಾದದ್ದು ಒಂದು ಚಿರತೆಯ ದಯೆಯಿಂದ.

ಇಂಗ್ಲಿಷ್ ಬರುವುದಿಲ್ಲ ಎಂದು ತೀರ್ಮಾನವಾದ ಕಥೆ ಇನ್ನೂ ಸೊಗಸು. ಇಲ್ಲಿ ಪಾಠ ಹೇಳುವ ಮೇಡಂಗೆ 'ಬಾಯಿ' ಅನ್ನುತ್ತಾರೆ. ನಮ್ಮ ಕನ್ನಡದಲ್ಲಿ ಅದರ ಅರ್ಥ ಬೇರೆಯಾದರೂ ಅವರಿಗೆ ಒಪ್ಪುತ್ತದೆ. ಏಳನೆಯ ತರಗತಿಯ ಮೊದಲ ದಿನ ಬಾಯಿಯವರು "ಮನೆಯಲ್ಲಿ ಯಾವ ಭಾಷೆ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಮರಾಠಿ, ಮರಾಠಿ, ಮರಾಠಿ ಎಂದು ಸಾಲು ಸರಾಗವಾಗಿ ಸಾಗಿತ್ತು. ನನಗೆ ಅಷ್ಟು ಚಿಕ್ಕ ಉತ್ತರ ಕೊಟ್ಟು ಅಭ್ಯಾಸವಿಲ್ಲ. ಅವ್ವನ ಜೊತೆ ಗೋಕಾಕದ ಕನ್ನಡ, ಅಂಗಡಿಯಲ್ಲಿ ಮರಾಠಿ, ಕೆಳಗಿನ ಮನೆಯ ಫೌಜಿ ಅಂಕಲ್ ಜೊತೆ ಹಿಂದಿ, ಅವರ ನಾಯಿಯ ಜೊತೆ ಮಾತ್ರ ಇಂಗ್ಲಿಷ್, ಏಕೆಂದರೆ ಅದು ಬೇರೆ ಯಾವ ಭಾಷೆಗೂ ಕೂರುವುದಿಲ್ಲ ಎಂದೆ. ಬಾಯಿಯವರ ಮುಖದಲ್ಲಿ ಕರುಣೆ ಉಕ್ಕಿತು. ಇಷ್ಟು ಭಾಷೆ ಹೊತ್ತ ಹುಡುಗಿ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲೇಬೇಕು ಎಂದುಕೊಂಡು, ಒಂದಕ್ಷರವನ್ನೂ ಓದಿಸದೆ, ನನ್ನನ್ನು ಮೂಲೆಕೋಣೆಯ 'ಆಧಾರ ವರ್ಗ'ಕ್ಕೆ ಕಳಿಸಿದರು. ಇಂಗ್ಲಿಷಿನಲ್ಲಿ ಕಚ್ಚಾ ಇದ್ದವರಿಗೆ ಅಲ್ಲಿ ಬೇರೆ ಪಾಠ.

ಅವರ ಊಹೆ ಪೂರ್ತಿ ಸುಳ್ಳೇನಲ್ಲ. ಸಿಟ್, ಕಮ್, ಗೋ ದಾಟಿದರೆ ನನ್ನ ಇಂಗ್ಲಿಷ್ ಬಾಯಾರಿ ಕೂರುತ್ತಿತ್ತು. ಆದರೆ ನನ್ನ ಬೆಂಚಿನ ಸಾನಿಕಾಳಿಗೆ ಅಷ್ಟೂ ಬರುತ್ತಿರಲಿಲ್ಲ. ಅವಳಿಗಿಂತ ಆ ನಾಯಿಯೇ ವಾಸಿ. ಅವಳ ಮನೆಯಲ್ಲಿ ಮರಾಠಿಯೊಂದೇ, ಹಾಗಾಗಿ ಅವಳನ್ನು ಯಾರೂ ಅನುಮಾನಿಸಲಿಲ್ಲ.

ವಿಜ್ಞಾನದ ಪುಸ್ತಕದಲ್ಲಿ ಗೊದಮೊಟ್ಟೆ ಕಪ್ಪೆಯಾಗುವ ಚಿತ್ರವಿದೆ. ಬಾಲ ಕರಗುತ್ತ ಕರಗುತ್ತ ಒಂದು ದಿನ ಇಲ್ಲವಾಗುತ್ತದೆ. ಯಾವ ದಿನ ಎಂದು ಅದಕ್ಕೂ ಗೊತ್ತಿರಲಾರದು. ಯಾವ ಗೊದಮೊಟ್ಟೆಯೂ ಬೆಳಿಗ್ಗೆ ಎದ್ದು, ಮುಖ ತೊಳೆದು, ತಾನಿನ್ನು ಕಪ್ಪೆಯೋ ಅಲ್ಲವೋ ಎಂದು ಒಬ್ಬ ಮೇಡಂ ಮುಂದೆ ಹೋಗಿ ನಿಲ್ಲುವುದಿಲ್ಲ. ಶಾಲೆಗೆ ಮಾತ್ರ ಒಂದು ದಿನ ಬೇಕೇ ಬೇಕು. ಆಧಾರ ವರ್ಗದ ನಮ್ಮ ದಿನ ಮಾರ್ಚಿನಲ್ಲಿತ್ತು. ಹೊರಗಿನಿಂದ ಒಬ್ಬ ಮೇಡಂ ಬಂದು ನಮ್ಮಿಂದ ಇಂಗ್ಲಿಷ್ ಮಾತಾಡಿಸಿ ಕೇಳುತ್ತಾರೆ. ಪಾಸಾದರೆ ಎಂಟನೆಯ ತರಗತಿಯಲ್ಲಿ 'ಸೆಮಿ', ಅಂದರೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ ಕಲಿಸುವ ಸೆಕ್ಷನ್, ಇಲ್ಲಿನವರ ಮಾತಿನಲ್ಲಿ ತುಕಡಿ. ಇಲ್ಲದಿದ್ದರೆ ಬೇರೆ ತುಕಡಿ.

ಗಣಿತ ಯಾವ ಭಾಷೆಯಲ್ಲಿದ್ದರೂ ನನಗೆ ಅಷ್ಟೇ ಅರ್ಥವಾಗುತ್ತದೆ. ಆದರೆ ಸಾನಿಕಾ ಯಾವ ಪರೀಕ್ಷೆಯೂ ಇಲ್ಲದೆ ಸೆಮಿಗೆ ಹೊರಟಿದ್ದಳು. ನಾನು ಹೇಳಿದ್ದಕ್ಕೆಲ್ಲ, ಎರಡನೆಯ ಸಲ ಹೇಳಿದ್ದಕ್ಕೂ, ನಗುವವಳು ಇಡೀ ಪುಣೆಯಲ್ಲಿ ಅವಳೊಬ್ಬಳೇ. ಅವಳಿಲ್ಲದ ತುಕಡಿಯಲ್ಲಿ ಕೂತು ನಾನು ಯಾರಿಗೆ ಹೇಳಲಿ?

ಪರೀಕ್ಷೆಯ ದಿನ ಸಾನಿಕಾ ಮರಾಠಿಯಲ್ಲಿ ಹರಸಿದಳು: "ಎರಡು ನಿಮಿಷ ನಿಜ ಹೇಳಿ ಬಾ. ನಿನ್ನ ಕೈಲಾದರೆ."

ಅವ್ವನೂ ಬೆಳಿಗ್ಗೆ ಜಡೆ ಹಾಕುತ್ತ ಅದನ್ನೇ ಹೇಳಿದ್ದಳು. "ಎಷ್ಟ ಕೇಳ್ತಾರ ಅಷ್ಟ ಹೇಳು, ಗೌರಿ. ಬಾಲಾ ಹಚ್ಚಬ್ಯಾಡ."

ವಿಷಯ 'ನನ್ನ ತಾಯಿ'. ಬಾಯಿಯವರು ಎಲ್ಲರಿಗೂ ಒಂದೇ ಐದು ವಾಕ್ಯ ಉರು ಹಾಕಿಸಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಮೇಡಂ ಗಲ್ಲಕ್ಕೆ ಕೈ ಕೊಟ್ಟಿದ್ದರು. ಇಡೀ ಖಡಕಿಯ ತಾಯಂದಿರೆಲ್ಲ ಬೇಗ ಏಳುವವರು, ರುಚಿಯಾಗಿ ಅಡುಗೆ ಮಾಡುವವರು ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. "ಮೈ ಮದರ್ ಈಸ್ ವೆರಿ ಕೈಂಡ್" ಎಂದೆ. ಅವರ ರೆಪ್ಪೆ ಇಳಿಯಿತು.

ನಾನು ಮಾತಾಡುವಾಗ ಯಾರೂ ನಿದ್ದೆ ಮಾಡಿದ ಇತಿಹಾಸವಿಲ್ಲ. ಹಾಗಾದರೆ ನಮ್ಮ ವಂಶಕ್ಕೇ ಅವಮಾನ.

"ಮೈ ಮದರ್ ಫಾಟ್ ಎ ಲೆಪರ್ಡ್" ಎಂದೆ.

ರೆಪ್ಪೆ ಎದ್ದಿತು. "ವೇರ್?"

"ರಾಂಜಣಗಾಂವ, ಮೇಡಂ. ಇನ್ ಶುಗರ್‌ಕೇನ್."

ಆ ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರುವುದು ಎಲ್ಲರಿಗೂ ಗೊತ್ತು. ನಮ್ಮಪ್ಪ ಅಲ್ಲಿನ ಕಾರ್ಖಾನೆಯಲ್ಲಿರುವುದೂ ನಿಜ. ನಡುವೆ ಅವ್ವನನ್ನು ತಂದು ನಿಲ್ಲಿಸಿದ್ದಷ್ಟೇ ನನ್ನ ಕೆಲಸ. ಅಲ್ಲಿಂದ ಮುಂದೆ ಇಂಗ್ಲಿಷ್ ಎಲ್ಲಿಂದ ಬಂತೋ ಕಾಣೆ. ನಿಜ ಐದು ವಾಕ್ಯಕ್ಕೆ ಮುಗಿದುಹೋಗುತ್ತದೆ. ಸುಳ್ಳಿಗೆ ಗಾಳಿ ಬೇಕು, ಬಿಸಿಲು ಬೇಕು, ಚಿರತೆ ಯಾವ ಕಡೆಯಿಂದ ಬಂತು ಎನ್ನುವುದು ಬೇಕು. ಅಪ್ಪನ ಊಟದ ಡಬ್ಬಿ ಒಯ್ಯುತ್ತಿದ್ದ ಅವ್ವ ಜೋಳದ ರೊಟ್ಟಿಗೆ ಕೆಂಪು ಚಟ್ನಿ ಸವರಿ ಅದರ ಬಾಯಿಗೆ ಎಸೆದಳು. "ಲೆಪರ್ಡ್ ಕ್ರೈಡ್, ಮೇಡಂ. ಲೈಕ್ ಬೇಬಿ. ಇಟ್ ಆಸ್ಕ್‌ಡ್ ವಾಟರ್."

ಮೇಡಂ ಮುಂದಕ್ಕೆ ಬಾಗಿದರು. ಅವ್ವ ನೀರು ಕೊಟ್ಟಳೇ ಎಂದು ಕೇಳಿದರು.

"ಯೆಸ್, ಮೇಡಂ. ಮೈ ಮದರ್ ಈಸ್ ವೆರಿ ಕೈಂಡ್."

ಆಗಲೇ ಬಾಗಿಲಲ್ಲಿ ಅವ್ವ. ಕೈಯಲ್ಲಿ ನಾನು ಮನೆಯಲ್ಲಿ ಮರೆತುಬಂದ ನೀರಿನ ಬಾಟಲಿ. ಹಲ್ಲಿ ಕಂಡರೆ ಮಂಚ ಹತ್ತುವ ಹೆಂಗಸು. ಮೇಡಂ ಎದ್ದು ನಿಂತು, ಚಿರತೆಯ ಸುದ್ದಿ ಹೌದೇ ಎಂದು ಮರಾಠಿಯಲ್ಲಿ ಕೇಳಿದರು.

ಅವ್ವ ನನ್ನ ಕಡೆ ತಿರುಗಿದಳು. "ಏನ ಹೇಳೀಯ ಇವರ ಮುಂದ?"

"ಚಿರತಿದು, ಅವ್ವಾ."

"ಯಾವ ಚಿರತಿ?"

"ನೀ ಹೊಡದದ್ದು."

ಮೇಡಂ ಪೆನ್ನು ನನ್ನ ಹೆಸರಿನ ಮೇಲೆ ನಿಂತೇ ಇತ್ತು. ಸಾನಿಕಾ, ಸೆಮಿ, ನನ್ನ ಮುಂದಿನ ವರ್ಷದ ನಗುವೆಲ್ಲ ಅವ್ವನ ನಾಲಗೆಯ ತುದಿಯಲ್ಲಿ. ಅವಳು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಮರಾಠಿಯಲ್ಲಿ ಹೇಳಿದಳು: "ಹೊಡೆಯಲಿಲ್ಲ ಮೇಡಂ, ಮನೆಗೆ ತಂದು ಸಾಕಿಕೊಂಡೆ. ಇಲ್ಲೇ ನಿಂತಿದೆ ನೋಡಿ. ಈಗಲೂ ದಿನಾ ನೀರು ಕೇಳುತ್ತದೆ."

ಮೇಡಂ ನಗುತ್ತಲೇ ಸೆಮಿ ಎಂದು ಬರೆದರು. ಮನೆಯ ಮಾತು ಕೇಳಿ ಬಾಯಿಯವರು ನನ್ನನ್ನು ಮೂಲೆಕೋಣೆಗೆ ಹಾಕಿದ್ದರು. ಕೊನೆಗೆ ಮನೆಯವಳೇ ಬಂದು ಬಿಡಿಸಿದಳು.

ಅವ್ವ ಬಾಟಲಿ ನನ್ನ ಕೈಗಿಟ್ಟಳು. "ಕುಡಿ. ಭಾಳ ಆತು, ನಡಿ ಇನ್ನ."

ನನ್ನ ಹತ್ತಿರ ಇನ್ನೂ ಒಂದು ಹುಲಿ ಉಳಿದಿತ್ತು.